ತೋಳಿನ ಚರಿತ್ರೆ

ಸ್ತನ ಕ್ಯಾನ್ಸರ್‌ನ ಚರಿತ್ರೆ ಎಂದು ನಾವು ಓದುವುದು ಹೆಚ್ಚಾಗಿ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನು. ಯಾವ ವೈದ್ಯ ಎಷ್ಟು ಕತ್ತರಿಸಿದ, ಯಾವ ಔಷಧಿ ಯಾವ ವರ್ಷ ಬಂತು ಎಂಬುವೇ ಅದರ ಅಧ್ಯಾಯಗಳು. ಆಸ್ಪತ್ರೆಯಿಂದ ಮನೆಗೆ ಬಂದವಳು ಮಾರನೆಯ ದಿನ ಕೊಡ ಎತ್ತಿದಳೇ, ಹಸುವಿನ ಹಾಲು ಕರೆದವರು ಯಾರು ಎಂಬ ಪ್ರಶ್ನೆಗಳು ಅಲ್ಲಿ ವಿರಳ. ಅದೇ ಚರಿತ್ರೆಯನ್ನು ಎದೆಯ ಕಡೆಯಿಂದಲ್ಲದೆ ತೋಳಿನ ಕಡೆಯಿಂದ ಓದಿದರೆ ಈ ಪ್ರಶ್ನೆಗಳೇ ಮುಂದೆ ಬರುತ್ತವೆ.

19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಒಂದು ಕ್ರಮವನ್ನು ರೂಢಿಗೆ ತಂದ. 1894ರಲ್ಲಿ ಅದನ್ನು ಪ್ರಕಟಿಸಿದ. ಸ್ತನ, ಅದರಡಿಯ ಎದೆಯ ಸ್ನಾಯುಗಳು, ಕಂಕುಳಿನ ಗ್ರಂಥಿಗಳು, ಎಲ್ಲವನ್ನೂ ಒಟ್ಟಿಗೇ ತೆಗೆದುಹಾಕುವ ಕ್ರಮವದು. ರೋಗ ಒಂದೆಡೆಯಿಂದ ಪಕ್ಕದೆಡೆಗೆ ಸಾಲಾಗಿ ಹರಡುತ್ತದೆ, ಆದ್ದರಿಂದ ಹೆಚ್ಚು ಕತ್ತರಿಸಿದಷ್ಟೂ ಒಳ್ಳೆಯದು ಎಂಬುದು ಅದರ ಹಿಂದಿನ ನಂಬಿಕೆ. ಸುಮಾರು ಮುಕ್ಕಾಲು ಶತಮಾನ ಅದೇ ನಡೆಯಿತು. ಬದುಕಿ ಉಳಿದ ಅನೇಕರ ತೋಳು ಊದಿಕೊಂಡಿತು, ಭುಜ ಬಿಗಿಯಿತು, ಕೈ ತಲೆಯವರೆಗೆ ಏಳದಾಯಿತು. ಜೀವ ಉಳಿದದ್ದಕ್ಕೆ ತೆರಬೇಕಾದ ಬೆಲೆ ಎಂದು ಅದನ್ನು ಒಪ್ಪಿಕೊಳ್ಳಲಾಯಿತು.

ಪ್ರಶ್ನೆ ಎತ್ತಿದವರಲ್ಲಿ ರೋಗಿಗಳೂ ಇದ್ದರು. ಗಂಟಿನ ಪರೀಕ್ಷೆಗೆಂದು ಅರಿವಳಿಕೆ ಪಡೆದವಳು ಎಚ್ಚರವಾದಾಗ ಸ್ತನವೇ ಇರದಂಥ ಪದ್ಧತಿಯನ್ನು 1970ರ ದಶಕದಲ್ಲಿ ಪತ್ರಕರ್ತೆ ರೋಸ್ ಕುಶ್ನರ್ ಬಲವಾಗಿ ವಿರೋಧಿಸಿದರು. ಪರೀಕ್ಷೆ ಬೇರೆ, ಶಸ್ತ್ರಚಿಕಿತ್ಸೆ ಬೇರೆ. ನಡುವೆ ನಿರ್ಧರಿಸಲು ನಮಗೆ ಸಮಯ ಬೇಕು ಎಂಬುದು ಅವರ ವಾದ. ಅದೇ ಹೊತ್ತಿಗೆ ಬರ್ನಾರ್ಡ್ ಫಿಶರ್ ಎಂಬ ಶಸ್ತ್ರವೈದ್ಯರು 1971ರಲ್ಲಿ ಮತ್ತು 1976ರಲ್ಲಿ ಎರಡು ದೊಡ್ಡ ಅಧ್ಯಯನಗಳನ್ನು ಆರಂಭಿಸಿದರು. ಸ್ನಾಯು ಕತ್ತರಿಸಿದವರಿಗಿಂತ ಕತ್ತರಿಸದವರು ಕಡಿಮೆ ಕಾಲವೇನೂ ಬದುಕಲಿಲ್ಲ. ಗಂಟನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೂ ಆಯುಷ್ಯದಲ್ಲಿ ವ್ಯತ್ಯಾಸವಾಗದು ಎಂಬುದೂ ತಿಳಿಯಿತು. ಅಂದರೆ ಅಷ್ಟು ಹೆಂಗಸರ ತೋಳುಗಳು ತೆತ್ತ ಬೆಲೆಯಲ್ಲಿ ಬಹುಪಾಲು ಅನಗತ್ಯವಾಗಿತ್ತು.

ನಮ್ಮಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಆರಂಭವಾದದ್ದು 1973ರಲ್ಲಿ. 1982ರಿಂದ ಅಲ್ಲಿ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಮೊದಲ ವರ್ಷಗಳಲ್ಲಿ ನಗರದ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ಮುಂದಿತ್ತು. ಆಮೇಲೆ ಆ ಜಾಗಕ್ಕೆ ಸ್ತನ ಕ್ಯಾನ್ಸರ್ ಬಂತು. 2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1.92 ಲಕ್ಷ ಹೊಸ ಪ್ರಕರಣಗಳು, 98 ಸಾವಿರ ಸಾವುಗಳು. ನೋಂದಣಿ ಇಲ್ಲದಿದ್ದರೆ ಇಂಥ ಅಂದಾಜು ಸಾಧ್ಯವೇ ಇರಲಿಲ್ಲ. ಆದರೆ ಅದು ಎಣಿಸುವುದು ರೋಗವನ್ನು, ಸಾವನ್ನು. ಇವೆರಡರ ನಡುವಿನ ದಿನಗಳಿಗೆ ಅದರಲ್ಲಿ ಕಾಲಂ ಇಲ್ಲ.

ಆ ದಿನಗಳನ್ನು ನೋಡಲು ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆಯಂಥ ಊರಿಗೆ ಬರಬೇಕು. ಈಗ ಈ ಹೆಸರು ಹೆಚ್ಚಾಗಿ ಕಾಣುವುದು ಕೈಗಾರಿಕಾ ಪ್ರದೇಶದ ವಿಳಾಸಗಳಲ್ಲಿ. ಆದರೆ ಸುತ್ತಮುತ್ತ ಹೊಲ, ಹಸು, ಹಾಲಿನ ಡೇರಿ ಇನ್ನೂ ಇವೆ. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ, ಅಡುಗೆ ಮುಗಿಸಿ, ಶಿಫ್ಟಿಗೆ ಹೋಗುವ ಹೆಣ್ಣಿನ ದಿನವೆಲ್ಲ ನಿಂತಿರುವುದು ತೋಳಿನ ಮೇಲೆಯೇ. ಕಂಕುಳಿನ ಗ್ರಂಥಿ ತೆಗೆಸಿಕೊಂಡವಳಿಗೆ ವೈದ್ಯರು ಹೇಳುವ ಮಾತುಗಳನ್ನು ಈ ದಿನದ ಪಕ್ಕದಲ್ಲಿಟ್ಟು ನೋಡಿ: ಆ ಕೈಗೆ ಗಾಯವಾಗಬಾರದು, ಸುಟ್ಟುಕೊಳ್ಳಬಾರದು, ಏಕಾಏಕಿ ಭಾರ ಎತ್ತಬಾರದು, ಬಿಗಿಯಾದ ಬಳೆ ಬೇಡ. ಕುಡುಗೋಲು, ಒಲೆ, ಕೊಡ, ಬಳೆ ಇಲ್ಲದ ಕೈ ನಮ್ಮ ಹಳ್ಳಿಯಲ್ಲಿ ಯಾರದ್ದು?

ಕಿದ್ವಾಯಿ ಇಲ್ಲಿಂದ ಸುಮಾರು 30 ಕಿಲೋಮೀಟರ್. ಸ್ತನವನ್ನು ಉಳಿಸಿಕೊಳ್ಳುವ ಚಿಕಿತ್ಸೆ ಆರಿಸಿಕೊಂಡರೆ ಸಾಮಾನ್ಯವಾಗಿ ಆಮೇಲೆ ರೇಡಿಯೇಷನ್ ಆಗಲೇಬೇಕು. ಜನರ ಬಾಯಲ್ಲಿ ಅದು ‘ಕರೆಂಟು ಕೊಡುವುದು’. ವಾರಕ್ಕೆ ಐದು ದಿನ, ಮೂರರಿಂದ ಐದಾರು ವಾರ. ಜೊತೆಗೆ ಬರುವವರ ಕೂಲಿ, ಬಸ್ಸು, ಶಾಲೆಗೆ ಹೋಗುವ ಮಕ್ಕಳು, ಹಟ್ಟಿಯಲ್ಲಿರುವ ಹಸು, ಇವನ್ನೆಲ್ಲ ಲೆಕ್ಕ ಹಾಕಿದ ಮನೆಗೆ ‘ಪೂರ್ತಿ ತೆಗೆಸಿಬಿಡೋಣ’ ಎನ್ನುವುದೇ ಸಲೀಸಾಗಿ ಕಾಣಬಹುದು. ಫಿಶರ್ ಅಧ್ಯಯನ ತೆರೆದ ಆಯ್ಕೆಯನ್ನು ಬಸ್ಸಿನ ವೇಳೆ ಮುಚ್ಚಿಬಿಡಬಲ್ಲದು.

ಕಾನೂನು ಈ ದಿನಗಳನ್ನು ಎಣಿಸಿಲ್ಲವೆಂದಲ್ಲ. ಇಎಸ್‌ಐ ವ್ಯಾಪ್ತಿಯ ಕಾರ್ಮಿಕಳಿಗೆ ವರ್ಷಕ್ಕೆ 91 ದಿನ ಕೂಲಿಯ ಶೇ. 70ರಷ್ಟು ಸಿಗುತ್ತದೆ. ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗೆ ಶೇ. 80ರಂತೆ ಎರಡು ವರ್ಷದವರೆಗೂ ವಿಸ್ತರಣೆಯಿದೆ. ಆದರೆ ಈ ವಿಸ್ತರಣೆಗೆ ಮೊದಲೇ ಎರಡು ವರ್ಷ ಸತತವಾಗಿ ವಿಮೆಯಡಿ ದುಡಿದಿರಬೇಕು. ಗುತ್ತಿಗೆಯಿಂದ ಗುತ್ತಿಗೆಗೆ ಬದಲಾಗುವವಳಿಗೆ ಅದು ಕೂಡಿಬರುವುದು ಕಷ್ಟ. ಹಾಲು ಕರೆಯುವ ಕೆಲಸಕ್ಕಂತೂ ರಜೆಯೇ ಇಲ್ಲ.

ಕನ್ನಡದಲ್ಲಿ ಈ ಬಗ್ಗೆ ಮಾತೇ ಇರಲಿಲ್ಲವೆನ್ನಲಾಗದು. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರ ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ ಹೆಣ್ಣಿನ ದೇಹದ ಬಗ್ಗೆ ಸಂಕೋಚವಿಲ್ಲದೆ ಓದಲು ಒಂದು ತಲೆಮಾರಿಗೆ ಭಾಷೆ ಕೊಟ್ಟಿತು. ಬಿ.ವಿ. ಭಾರತಿ ‘ಸಾಸಿವೆ ತಂದವಳು’ ಕೃತಿಯಲ್ಲಿ ತಮ್ಮದೇ ಕ್ಯಾನ್ಸರ್ ಅನುಭವವನ್ನು ಬರೆದರು. ಸಾವಿಲ್ಲದ ಮನೆಯ ಸಾಸಿವೆ ಹುಡುಕಿ ಹೊರಟ ಕಿಸಾಗೋತಮಿಯನ್ನು ಆ ಹೆಸರು ನೆನಪಿಸುತ್ತದೆ. ಆದರೆ ಪುಸ್ತಕ ಬರೆಯಲು ಅಕ್ಷರವೂ ಬಿಡುವೂ ಬೇಕು. ಇವೆರಡೂ ಇಲ್ಲದವಳ ಅನುಭವಕ್ಕೆ ದಾಖಲೆ ಎಲ್ಲಿ?

ಶಸ್ತ್ರಚಿಕಿತ್ಸೆಯ ನಂತರ ಹೇಳಿಕೊಡುವ ಒಂದು ವ್ಯಾಯಾಮವಿದೆ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ನಡೆಸಬೇಕು. ಮುಟ್ಟಿದ ಎತ್ತರಕ್ಕೆ ಗುರುತು ಹಾಕಿ, ದಿನದಿನವೂ ಅದನ್ನು ದಾಟಲು ನೋಡಬೇಕು. ಮನೆಯ ಗೋಡೆಯಲ್ಲಿ ಉಳಿಯುವ ಆ ಗೀಟುಗಳನ್ನು ಯಾವ ಪತ್ರಾಗಾರವೂ ಕಾಪಿಡುವುದಿಲ್ಲ, ಮುಂದಿನ ಹಬ್ಬದ ಸುಣ್ಣದಲ್ಲಿ ಅವು ಅಳಿಸಿಹೋಗುತ್ತವೆ. ಈ ಕಾಯಿಲೆಯ ಚರಿತ್ರೆ ಬರೆಯಹೊರಟ ನನ್ನಂಥವರು ಆಸ್ಪತ್ರೆಯ ಕಡತದ ಜೊತೆಗೆ ಆ ಗೋಡೆಯನ್ನೂ ಓದಬೇಕು.