ನೀರಿನಲ್ಲಿ ನೆನೆದ ದೇಹ, ಕಾಣದೆ ಉಳಿದ ನರ: ರೋಣ–ಗದಗ ಸೀಮೆಯ ಶಾರೀರಜ್ಞಾನದ ಹಿನ್ನೆಲೆ

ರಕ್ತ ಹರಿಯುವ ನಾಳ ಬೇರೆ, ನೋವು–ಸ್ಪರ್ಶಗಳನ್ನು ಮಿದುಳಿಗೆ ಮುಟ್ಟಿಸುವ ನರ ಬೇರೆ ಎಂಬುದು ಇಂದು ರೋಣ ಸೀಮೆಯ ಜಕ್ಕಲಿಯಲ್ಲಿ ಪ್ರೌಢಶಾಲೆ ಓದುವ ಹುಡುಗಿಗೂ ಗೊತ್ತು. ಇದೇ ನಾಡಿನ ವೈದ್ಯಪರಂಪರೆ ಆಧಾರವಾಗಿಟ್ಟುಕೊಂಡ ಗ್ರಂಥಗಳಲ್ಲಿ ಮಾತ್ರ ಈ ವಿಂಗಡಣೆ ಸಿಗುವುದಿಲ್ಲ. ಅದನ್ನು ಪ್ರಾಚೀನರ ಅಜ್ಞಾನವೆಂದು ತಳ್ಳಿಹಾಕುವವರೂ ಇದ್ದಾರೆ, ಎಲ್ಲವೂ ಅವರಿಗೆ ತಿಳಿದಿತ್ತೆಂದು ಸಾಧಿಸುವವರೂ ಇದ್ದಾರೆ. ಎರಡೂ ಸರಿಯಲ್ಲ. ದೇಹವನ್ನು ಬಿಡಿಸಿ ನೋಡಲು ಅವರು ಹಿಡಿದ ವಿಧಾನವೇ ನರವನ್ನು ಕಣ್ಣಿನಿಂದ ಮರೆಮಾಡಿತು ಎಂಬುದು ನನ್ನ ವಾದ.

ಜಕ್ಕಲಿಯ ಆಸುಪಾಸು ಹಳೆಯ ವಿದ್ಯೆಯ ನೆಲ. ನರೇಗಲ್ಲಿನಲ್ಲಿ 10ನೆಯ ಶತಮಾನದ ಜೈನ ಬಸದಿಯಿದೆ. ಸೂಡಿಗೆ 11ನೆಯ ಶತಮಾನದಲ್ಲಿ ಚಾಲುಕ್ಯರ ಅಕ್ಕಾದೇವಿಯ ನಂಟು. ಆಕೆಯ ಸೋದರ ಜಯಸಿಂಹನ ಕಾಲದಲ್ಲೇ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯ ‘ಲೋಕೋಪಕಾರ’ ಬರೆದು ವೈದ್ಯವನ್ನೂ ಅದರಲ್ಲಿ ಸೇರಿಸಿದ. ಮುಂದಿನ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದ. ಇವು ಮುಖ್ಯವಾಗಿ ಚಿಕಿತ್ಸೆಯ ಗ್ರಂಥಗಳು. ದೇಹರಚನೆಯ ಮಾತು ಬಂದಾಗ ಭಾರತದ ವೈದ್ಯರು ನೆಚ್ಚಿದ್ದು ಸುಶ್ರುತ, ವಾಗ್ಭಟರನ್ನೇ.

ಸುಶ್ರುತಸಂಹಿತೆಯ ಶಾರೀರಸ್ಥಾನದ ಲೆಕ್ಕ ಹೀಗಿದೆ: ಸಿರೆಗಳು 700, ಸ್ನಾಯುಗಳು 900, ಪೆಟ್ಟು ಬಿದ್ದರೆ ಅಪಾಯವಾಗುವ ಮರ್ಮಗಳು 107, ಧಮನಿಗಳು 24. ಸಿರೆಗಳ ಮೂಲ ಹೊಕ್ಕುಳು. ಬಸಿರಿನ ಕೂಸಿಗೆ ಪೋಷಣೆ ಹೊಕ್ಕುಳಬಳ್ಳಿಯಿಂದಲೇ ಬರುತ್ತದೆಂಬ ಅನುಭವ ಇದರ ಹಿಂದೆ ಇದ್ದಿರಬೇಕು. ಧಮನಿಗಳೂ ಹೊಕ್ಕುಳಿನಿಂದ ಹೊರಟು ಹತ್ತು ಮೇಲಕ್ಕೆ, ಹತ್ತು ಕೆಳಕ್ಕೆ, ನಾಲ್ಕು ಅಡ್ಡಕ್ಕೆ ಹೋಗುತ್ತವೆ. ಅದೇ ಸಂಹಿತೆಯ ಸೂತ್ರಸ್ಥಾನವೋ ಹೃದಯವನ್ನು ರಸದ ನೆಲೆಯೆಂದು ಕರೆದು, ಅಲ್ಲಿಂದ 24 ಧಮನಿಗಳ ಮೂಲಕ ರಸ ಮೈಯೆಲ್ಲ ಹರಡುತ್ತದೆ ಎನ್ನುತ್ತದೆ. ಮೇಲಕ್ಕೆ ಹೋಗುವ ಧಮನಿಗಳಿಗೆ ಒಪ್ಪಿಸಿದ ಕೆಲಸಗಳನ್ನು ನೋಡಿ: ಶಬ್ದ, ಸ್ಪರ್ಶ, ರೂಪ, ರುಚಿ, ವಾಸನೆಗಳನ್ನು ಒಯ್ಯುವುದು, ಮಾತಾಡಿಸುವುದು, ಜೊತೆಗೆ ರಸರಕ್ತಗಳನ್ನು ಸಾಗಿಸುವುದು. ನಮ್ಮ ಅಪಧಮನಿಯ ಕೆಲಸವೂ ನರದ ಕೆಲಸವೂ ಒಂದೇ ನಾಳದ ಪಾಲಿಗೆ ಬಂದಿವೆ.

ಯಾಕೆ ಹೀಗಾಯಿತು? ಅದೇ ಶಾರೀರಸ್ಥಾನದ ಐದನೆಯ ಅಧ್ಯಾಯದಲ್ಲಿ ಉತ್ತರವಿದೆ ಎಂದು ನನಗನಿಸುತ್ತದೆ. ವಿಷದಿಂದಾಗಲಿ, ದೀರ್ಘರೋಗದಿಂದಾಗಲಿ ಸಾಯದ, ನೂರು ವರ್ಷದ ಮುದುಕನದಲ್ಲದ, ಅಂಗಾಂಗ ಪೂರ್ಣವಾದ ಹೆಣವನ್ನು ಆರಿಸಬೇಕು. ಕರುಳಿನ ಮಲ ತೆಗೆದು, ಹುಲ್ಲು–ನಾರುಗಳಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಮರೆಯಾದ ಜಾಗದಲ್ಲಿ ಹರಿಯುವ ನೀರಿನಲ್ಲಿ ಕೊಳೆಯಲು ಬಿಡಬೇಕು. ಏಳು ರಾತ್ರಿಗಳ ಮೇಲೆ ಹೊರತೆಗೆದು ಲಾಮಂಚ, ಕೂದಲು, ಬಿದಿರಿನ ಕುಂಚದಿಂದ ಮೆಲ್ಲಗೆ ಉಜ್ಜುತ್ತ ಪದರ ಪದರವಾಗಿ ಕಣ್ಣಾರೆ ನೋಡಬೇಕು. ಆ ಕಾಲಕ್ಕೆ ಇದು ಅಪಾರ ಧೈರ್ಯದ ಕ್ರಮ. ಆದರೆ ಕೊಳೆಯುವ ವೇಗ ಎಲ್ಲ ಅಂಗಕ್ಕೂ ಒಂದೇ ಅಲ್ಲ. ಎಲುಬು, ಕೀಲು, ಸಂಹಿತೆ ಸ್ನಾಯುಗಳೆಂದು ಕರೆಯುವ ಗಟ್ಟಿ ಪಟ್ಟಿಗಳು ಉಳಿದುಕೊಳ್ಳುತ್ತವೆ. ಮಿದುಳು ಎಲ್ಲಕ್ಕಿಂತ ಮೊದಲು ಕರಗುವ ಅಂಗಗಳಲ್ಲೊಂದು. ತೋಳಿನಲ್ಲಿ ಅಪಧಮನಿಯೂ ಮುಖ್ಯ ನರವೂ ಒಂದೇ ಕಟ್ಟಿನಲ್ಲಿ ಮೈಗೆ ಮೈ ತಾಗಿಸಿಕೊಂಡು ಸಾಗುತ್ತವೆ. ಸುತ್ತಲಿನ ಅಂಗಾಂಶ ಲೋಳೆಯಾದ ಮೇಲೆ ಕುಂಚದಲ್ಲಿ ಅವನ್ನು ಬೇರ್ಪಡಿಸಿ, ಒಂದನ್ನು ಬೆನ್ನುಹುರಿಯವರೆಗೆ, ಇನ್ನೊಂದನ್ನು ಹೃದಯದವರೆಗೆ ಹಿಂಬಾಲಿಸುವುದು ಬಹುಮಟ್ಟಿಗೆ ಆಗದ ಮಾತು.

ರಕ್ತನಾಳ ತಿಳಿಯಲು ಬೇರೆ ದಾರಿಯೂ ಇತ್ತು, ಬದುಕಿದವನ ಮೈ. ಸಿರಾವ್ಯಧದಲ್ಲಿ ವೈದ್ಯರು ಪಟ್ಟಿ ಬಿಗಿದು, ಸಿರೆ ಉಬ್ಬಿಸಿ, ಚುಚ್ಚಿ ರಕ್ತ ತೆಗೆಯುತ್ತಿದ್ದರು. 700ರಲ್ಲಿ 98 ಸಿರೆಗಳನ್ನು ಚುಚ್ಚಲೇಬಾರದೆಂಬ ಎಚ್ಚರಿಕೆ ಅನುಭವದ್ದು. ನರ ಉಬ್ಬುವುದಿಲ್ಲ, ಮಿಡಿಯುವುದಿಲ್ಲ, ಕತ್ತರಿಸಿದರೆ ಚಿಮ್ಮುವುದಿಲ್ಲ. ಅದು ಕೆಟ್ಟಾಗ ಮಾತ್ರ ತನ್ನ ಇರವು ತೋರಿಸುತ್ತದೆ. ಆ ಕೆಡುಕನ್ನು ಸುಶ್ರುತಸಂಹಿತೆ ಎಷ್ಟು ಸೂಕ್ಷ್ಮವಾಗಿ ಗಮನಿಸಿದೆಯೆಂದರೆ ಓದುವಾಗ ರೋಮಾಂಚನವಾಗುತ್ತದೆ. ಎದೆಗೂ ಕಂಕುಳಿಗೂ ನಡುವಿನ ಕಕ್ಷಧರ ಮರ್ಮಕ್ಕೆ ಪೆಟ್ಟಾದರೆ ಪಕ್ಷಾಘಾತ. ಕಿವಿಯ ಹಿಂದೆ ಕೆಳಗಿರುವ ವಿಧುರಕ್ಕೆ ಪೆಟ್ಟಾದರೆ ಕಿವುಡು. ಕಂಕುಳಿನ ಹತ್ತಿರ ತೋಳಿನ ನರಜಾಲ ಹಾದುಹೋಗುವುದನ್ನು ಬಲ್ಲ ನಮಗೆ ಮೊದಲನೆಯದರ ಕಾರಣ ಹೊಳೆಯುತ್ತದೆ. ಸಂಹಿತೆ ಈ ಎರಡನ್ನೂ ಸ್ನಾಯುಮರ್ಮಗಳೆಂದು ಎಣಿಸಿತು. ಪರಿಣಾಮ ಸರಿಯಾಗಿ ಕಂಡಿತ್ತು. ಕಾರಣವನ್ನು ಕೊಳೆಯದೆ ಉಳಿದ ಭಾಗಕ್ಕೆ ಹೊರಿಸಲಾಯಿತು.

ಈ ಜ್ಞಾನ ವೈದ್ಯರಲ್ಲೇ ನಿಲ್ಲಲಿಲ್ಲ. ಗದಗಿನ ತ್ರಿಕೂಟೇಶ್ವರದಲ್ಲಿ 1191ರ ಸೇವುಣ ಭಿಲ್ಲಮನ ಶಾಸನವಿದೆ. ಅದೇ ವಂಶದ ಸಿಂಘಣನ ಆಸ್ಥಾನದಲ್ಲಿ 13ನೆಯ ಶತಮಾನದಲ್ಲಿ ಶಾರ್ಙ್ಗದೇವ ‘ಸಂಗೀತರತ್ನಾಕರ’ ಬರೆದ. ಸ್ವರದ ಮಾತಿಗೆ ಮುನ್ನ ಆತ ಪಿಂಡೋತ್ಪತ್ತಿ ಪ್ರಕರಣದಲ್ಲಿ ಗರ್ಭ, ಎಲುಬು, ಸಿರೆ, ಧಮನಿಗಳನ್ನು ವಿವರಿಸುತ್ತಾನೆ. ಹೃದಯದಲ್ಲಿ ಅಡ್ಡವಾಗಿರುವ 22 ನಾಡಿಗಳಿಂದ 22 ಶ್ರುತಿಗಳು ಹುಟ್ಟುತ್ತವೆ ಎನ್ನುತ್ತಾನೆ. ಇಲ್ಲಿ ನಾಡಿ ರಕ್ತದ್ದೂ ಅಲ್ಲ, ಇಂದಿನ ನರವೂ ಅಲ್ಲ, ನಾದದ ದಾರಿ. ಶಿವಯೋಗಿಗಳ ಇಡಾ, ಪಿಂಗಳಾ, ಸುಷುಮ್ನೆಗಳೂ ಸಾಧನೆಯ ದಾರಿಗಳೇ.

ಭಾರತದ ಹೊರಗೆ, ಅಲೆಕ್ಸಾಂಡ್ರಿಯಾದ ಹೆರೋಫಿಲಸ್ ಕ್ರಿಸ್ತಪೂರ್ವ 300ರ ಸುಮಾರಿಗೇ ನರವನ್ನು ರಕ್ತನಾಳದಿಂದ ಬೇರ್ಪಡಿಸಿದ್ದ. ಆದರೂ ರಕ್ತ ಸುತ್ತಿ ಬರುತ್ತದೆಂದು ವಿಲಿಯಂ ಹಾರ್ವೆ ಸಾಧಿಸಿದ್ದು 1628ರಲ್ಲಿ. ಲೋಮನಾಳಗಳನ್ನು ಮಾಲ್ಪೀಘಿ ಸೂಕ್ಷ್ಮದರ್ಶಕದಲ್ಲಿ ಕಂಡದ್ದು 1661ರಲ್ಲಿ. ಅಂಗಾಂಶವನ್ನು ಕೊಳೆಯದಂತೆ ಹಿಡಿದಿಡುವ ಫಾರ್ಮಾಲಿನ್‌ನ ಗುಣವನ್ನು ಬ್ಲೂಮ್ ಎಂಬ ಸಂಶೋಧಕ ಗುರುತಿಸಿದ್ದು 1893ರಲ್ಲಿ. ಸುಶ್ರುತನ ನೀರಿಗೆ ನೇರ ಎದುರಾದ ದ್ರವ ಅದು.

ಈ ಹೊಸ ಶಾರೀರಜ್ಞಾನ ಬೆಳೆಯುತ್ತಿದ್ದ 19ನೆಯ ಶತಮಾನದಲ್ಲಿ ರೋಣ ಸೀಮೆ ಮುಂಬಯಿ ಪ್ರಾಂತ್ಯದಲ್ಲಿತ್ತು. 1845ರ ಗ್ರ್ಯಾಂಟ್ ವೈದ್ಯಕೀಯ ಕಾಲೇಜು ಇದ್ದದ್ದು ದೂರದ ಮುಂಬಯಿಯಲ್ಲಿ. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರಂಥವರು ದುಡಿದ ಕರ್ನಾಟಕದ ಏಕೀಕರಣ 1956ರಲ್ಲಿ ಕೈಗೂಡಿತು. ಮರುವರ್ಷವೇ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಶುರುವಾಯಿತು. ವಾರಸುದಾರರಿಲ್ಲದ ಶವಗಳನ್ನು ಕಲಿಕೆಗೆ ಒದಗಿಸುವ ರಾಜ್ಯದ ಅಂಗರಚನಾ ಕಾಯ್ದೆಯೂ 1957ರದ್ದೇ. ಹನ್ನೆರಡು ಜೊತೆ ಕಪಾಲ ನರಗಳನ್ನೂ ಮೂವತ್ತೊಂದು ಜೊತೆ ಬೆನ್ನುಹುರಿಯ ನರಗಳನ್ನೂ ಮೇಜಿನ ಮೇಲೆ ಬಿಡಿಸಿ ನೋಡುವ ಅವಕಾಶ ಈ ಭಾಗದ ಮಕ್ಕಳಿಗೆ ಹತ್ತಿರ ಬಂದದ್ದು ಹೀಗೆ.

20ನೆಯ ಶತಮಾನದ ಆರಂಭದಲ್ಲಿ ಗಣನಾಥ ಸೇನ್ ‘ಪ್ರತ್ಯಕ್ಷಶಾರೀರ’ದಲ್ಲಿ ಧಮನಿ, ಸಿರೆ, ನಾಡಿಗಳಿಗೆ ಆಧುನಿಕ ಅರ್ಥಗಳನ್ನು ಹಂಚಿಕೊಟ್ಟರು. ಪಾಠಕ್ಕೆ ಅದು ಅನುಕೂಲ. ಆದರೆ ಆ ಹಂಚಿಕೆಯನ್ನು ಹಿಂದಕ್ಕೊಯ್ದು ಸುಶ್ರುತನ 24 ಧಮನಿಗಳನ್ನು ಅಪಧಮನಿಗಳೆಂದು ಓದಿದರೆ, ಶಬ್ದವನ್ನೂ ಸ್ಪರ್ಶವನ್ನೂ ಒಯ್ಯುತ್ತಿದ್ದ ಆ ನಾಳಗಳ ಅರ್ಧ ಕೆಲಸವನ್ನು ನಾವೇ ಕಿತ್ತುಕೊಂಡಂತಾಗುತ್ತದೆ. ಕಕ್ಷಧರದ ಪೆಟ್ಟನ್ನು ಅಷ್ಟು ನಿಖರವಾಗಿ ಬರೆದಿಟ್ಟ ಶಸ್ತ್ರವೈದ್ಯನ ಕಾಣ್ಕೆಯೂ ಆಗ ಕೈತಪ್ಪುತ್ತದೆ.