ಗಾಲ್ಫ್ ಗ್ರೀನ್ ಕೆಳಗೆ ಏನಿದೆ? ಮಳೆಗಾಲದಲ್ಲಿ ಹುಲ್ಲು ಉಳಿಸುವ ಮರಳು, ಜಲ್ಲಿ, ಪೈಪುಗಳ ಲೆಕ್ಕ

ಜುಲೈ ತಿಂಗಳ ಒಂದು ಬೆಳಗಿನ ಜಾವ. ಮುಂಬೈಯಲ್ಲೋ ಪುಣೆಯಲ್ಲೋ ರಾತ್ರಿಯಿಡೀ ಸುರಿದ ಮಳೆ ಐದು ಗಂಟೆಗೆ ನಿಂತಿದೆ. ಅಪಾರ್ಟ್‌ಮೆಂಟ್ ಮುಂದಿನ ಹುಲ್ಲುಹಾಸಿನ ಮೇಲೆ ಕಾಲಿಟ್ಟರೆ ಚಪ್ಪಲಿ ಹೂತುಹೋಗುತ್ತದೆ. ಅದೇ ಊರಿನ ಗಾಲ್ಫ್ ಕೋರ್ಸ್‌ನಲ್ಲಿ, ಚೆನ್ನಾಗಿ ಕಟ್ಟಿದ ಗ್ರೀನ್ ಮೇಲೆ, ಏಳು ಗಂಟೆಗೆಲ್ಲ ಚೆಂಡು ಉರುಳುತ್ತಿರುತ್ತದೆ. ಎರಡೂ ಕಡೆ ಬಿದ್ದದ್ದು ಒಂದೇ ಮಳೆ. ಬೆಳೆದಿರುವುದೂ ಹೆಚ್ಚುಕಡಿಮೆ ಒಂದೇ ಜಾತಿಯ ಹುಲ್ಲು. ವ್ಯತ್ಯಾಸ ಇರುವುದು ಹುಲ್ಲಿನ ಕೆಳಗೆ.

ಗ್ರೀನ್ ಎಂದರೆ ಬಾವುಟ ನೆಟ್ಟ ಕುಳಿಯ ಸುತ್ತಲಿನ, ನುಣ್ಣಗೆ ಕತ್ತರಿಸಿದ ಜಾಗ. ಒಂದು ಗ್ರೀನ್ ಸುಮಾರು 500 ಚದರ ಮೀಟರ್ ಇದೆ ಎಂದುಕೊಳ್ಳಿ. 18 ಗ್ರೀನ್‌ಗಳನ್ನು ಕೂಡಿಸಿದರೂ ಎರಡು ಎಕರೆಗೆ ಸ್ವಲ್ಪ ಹೆಚ್ಚು, ಅಷ್ಟೆ. ನೂರಕ್ಕೂ ಹೆಚ್ಚು ಎಕರೆ ಹರಡಿದ ಮೈದಾನದಲ್ಲಿ ಇದು ಅಂಗೈಯಗಲದ ಜಾಗ. ಆದರೂ ನಿರ್ವಹಣೆಯ ತಲೆನೋವಿನ ದೊಡ್ಡ ಪಾಲು ಇಲ್ಲೇ. ಆಟ ಮುಗಿಯುವುದು ಇಲ್ಲಿ, ಎಲ್ಲ ಆಟಗಾರರ ಕಾಲು ಬೀಳುವುದೂ ಇಲ್ಲಿ, ಹುಲ್ಲನ್ನು 3ರಿಂದ 4 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸುವುದೂ ಇಲ್ಲಿ ಮಾತ್ರ. ಅಷ್ಟು ಗಿಡ್ಡಗೆ ಕತ್ತರಿಸಿಕೊಂಡ ಹುಲ್ಲಿಗೆ ಎಲೆ ಕಡಿಮೆ, ಆಹಾರ ಕಡಿಮೆ, ಬೇರು ಗಿಡ್ಡ. ಅದರ ಬುಡದಲ್ಲಿ ನೀರು ನಿಂತರೆ ತಡೆದುಕೊಳ್ಳುವ ಶಕ್ತಿ ಉಳಿದಿರುವುದಿಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. 500 ಚದರ ಮೀಟರ್ ಗ್ರೀನ್ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 25,000 ಲೀಟರ್. ಎರಡು ದೊಡ್ಡ ಟ್ಯಾಂಕರ್‌ಗಳಷ್ಟು ನೀರನ್ನು ಒಂದು ಚಿಕ್ಕ ಹುಲ್ಲುಹಾಸಿನ ಮೇಲೆ ಸುರಿದಂತೆ. ಅದನ್ನೆಲ್ಲ ಹುಲ್ಲಿನ ಬೇರಿಗೆ ತೊಂದರೆಯಾಗದಂತೆ ಆಚೆ ಸಾಗಿಸಬೇಕು, ಆದರೆ ಮಾರನೆಯ ದಿನದ ಬಿಸಿಲಿಗೆ ಬೇಕಾದಷ್ಟನ್ನು ಮಾತ್ರ ಹಿಡಿದಿಟ್ಟುಕೊಳ್ಳಬೇಕು. ಗ್ರೀನ್‌ಕೀಪರ್ ಎಂಬ ಹುದ್ದೆಯ ಬಹುಪಾಲು ಕೆಲಸ ಇದೇ.

ಕಡಲತೀರದಿಂದ ಜೇಡಿಮಣ್ಣಿಗೆ

ಗಾಲ್ಫ್ ಹುಟ್ಟಿ ಬೆಳೆದದ್ದು ಸ್ಕಾಟ್ಲೆಂಡಿನ ಕಡಲತೀರದ ಮರಳು ದಿಬ್ಬಗಳಲ್ಲಿ. ಅಲ್ಲಿ ಮಳೆ ಬಂದರೂ ನೀರು ತಾನಾಗಿಯೇ ಇಂಗಿಹೋಗುತ್ತಿತ್ತು. ಹುಲ್ಲನ್ನು ಮೊಲಗಳೂ ಕುರಿಗಳೂ ಮೇಯ್ದು ಗಿಡ್ಡ ಮಾಡುತ್ತಿದ್ದವು. ಹುಲ್ಲು ಕತ್ತರಿಸುವ ಯಂತ್ರ ಬಂದದ್ದೇ 1830ರಲ್ಲಿ, ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಅದನ್ನು ರೂಪಿಸಿದ ಮೇಲೆ. 1860ರ ದಶಕದಿಂದ 1903ರವರೆಗೆ ಸೇಂಟ್ ಆಂಡ್ರೂಸ್ ಮೈದಾನ ನೋಡಿಕೊಂಡ ಓಲ್ಡ್ ಟಾಮ್ ಮಾರಿಸ್ ಅವರನ್ನು ಈ ವೃತ್ತಿಯ ಮೂಲಪುರುಷ ಎನ್ನುತ್ತಾರೆ. ಒಮ್ಮೆ ಕೈಗಾಡಿಯ ಮರಳು ಗ್ರೀನ್ ಮೇಲೆ ಚೆಲ್ಲಿಹೋಯಿತಂತೆ, ಕೆಲವು ದಿನ ಬಿಟ್ಟು ನೋಡಿದರೆ ಅಲ್ಲಿನ ಹುಲ್ಲೇ ಹೆಚ್ಚು ಚೆನ್ನಾಗಿತ್ತಂತೆ. ಕಥೆ ನಿಜವೋ ಅಲ್ಲವೋ, ಹುಲ್ಲಿನ ಮೇಲೆ ತೆಳ್ಳಗೆ ಮರಳು ಉದುರಿಸುವ ಪದ್ಧತಿಯನ್ನು ಅವರು ಕೊನೆತನಕ ಬಿಡಲಿಲ್ಲ.

ತೊಂದರೆ ಶುರುವಾದದ್ದು ಆಟ ಮರಳು ಬಿಟ್ಟು ಒಳನಾಡಿಗೆ ಬಂದಾಗ. 1829ರಲ್ಲಿ ಶುರುವಾದ ಕೋಲ್ಕತ್ತದ ರಾಯಲ್ ಕ್ಯಾಲ್ಕಟ್ಟಾ ಗಾಲ್ಫ್ ಕ್ಲಬ್ ಬ್ರಿಟಿಷ್ ದ್ವೀಪಗಳ ಆಚೆ ಇರುವ ಅತಿ ಹಳೆಯ ಗಾಲ್ಫ್ ಕ್ಲಬ್. ಅದು ನಿಂತಿರುವುದು ಗಂಗೆಯ ಮೆಕ್ಕಲು ಮಣ್ಣಿನ ನಾಡಿನಲ್ಲಿ. 1876ರ ಬೆಂಗಳೂರು ಗಾಲ್ಫ್ ಕ್ಲಬ್ ಇರುವ ಊರು ಕೆಂಪು ಮಣ್ಣಿನದು. ಪುಣೆ ಸುತ್ತಮುತ್ತ ಎರೆಮಣ್ಣು, ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಅಂಟಾಗುವಂಥದ್ದು. ಭಾರತದ ಹಳೆಯ ಮೈದಾನಗಳಲ್ಲಿ ಹುಲ್ಲಿನ ಗ್ರೀನ್ ಸಾಕುವ ಗೋಜೇ ಬೇಡವೆಂದು ಮರಳಿಗೆ ಎಣ್ಣೆ ಬೆರೆಸಿ ತಟ್ಟಿದ 'ಬ್ರೌನ್' ಮಾಡಿಕೊಂಡವರೂ ಇದ್ದರು.

ಉಳಿದವರು ಅಲ್ಲೇ ಸಿಕ್ಕ ಮಣ್ಣನ್ನು ಗುಡ್ಡೆ ಹಾಕಿ ಅದರ ಮೇಲೆ ಹುಲ್ಲು ಬೆಳೆಸಿದರು. ಹೀಗೆ ಕಟ್ಟಿದ ಗ್ರೀನ್‌ಗಳು ಇಂದಿಗೂ ಬಹಳ ಕಡೆ ಇವೆ. ಮೇಲ್ಮೈಯಲ್ಲಿ ಒಳ್ಳೆಯ ಇಳಿಜಾರು ಇದ್ದರೆ ಅವು ಚೆನ್ನಾಗಿಯೇ ನಡೆಯುತ್ತವೆ. ಗಾರೆ ಕೆಲಸದವರು 'ವಾಟ' ಎನ್ನುತ್ತಾರಲ್ಲ, ಅದು ತಪ್ಪಿದರೆ ಮಾತ್ರ ಯಾವ ಔಷಧಿಯೂ ಕೆಲಸಕ್ಕೆ ಬರುವುದಿಲ್ಲ.

ಜಲ್ಲಿಯ ಮೇಲೆ ನಿಲ್ಲುವ ನೀರು

ಅಮೆರಿಕದ ಗಾಲ್ಫ್ ಸಂಘ ಯುಎಸ್‌ಜಿಎ 1960ರಲ್ಲಿ ಗ್ರೀನ್ ಕಟ್ಟುವ ಕ್ರಮವೊಂದನ್ನು ಪ್ರಕಟಿಸಿತು. ಆಮೇಲೆ ಹಲವು ಬಾರಿ ತಿದ್ದಿದ್ದರೂ ಮೂಲ ವಿಚಾರ ಹಾಗೆಯೇ ಇದೆ. ಮೊದಲು ತಳದ ಮಣ್ಣನ್ನು ಮೇಲಿನ ಗ್ರೀನ್ ಆಕಾರಕ್ಕೇ ತಟ್ಟಿ ಗಟ್ಟಿ ಮಾಡಬೇಕು. ಅದರಲ್ಲಿ ಸುಮಾರು 200 ಮಿಲಿಮೀಟರ್ ಆಳದ ಬಸಿಗಾಲುವೆಗಳನ್ನು ತೋಡಿ, ತೂತುಗಳಿರುವ 100 ಮಿಲಿಮೀಟರ್ ಪೈಪು ಹಾಕಬೇಕು. ಸಾಲಿನಿಂದ ಸಾಲಿಗೆ 5 ಮೀಟರ್‌ಗಿಂತ ಹೆಚ್ಚು ಅಂತರ ಬೇಡ. ಪೈಪಿನ ವಾಟ ಕನಿಷ್ಠ ಅರ್ಧ ಶೇಕಡ, ಅಂದರೆ ನೂರು ಅಡಿಗೆ ಆರು ಇಂಚು. ಅದರ ಮೇಲೆ 100 ಮಿಲಿಮೀಟರ್ ತೊಳೆದ ಜಲ್ಲಿ. ಜಲ್ಲಿಯ ಮೇಲೆ 300 ಮಿಲಿಮೀಟರ್ ಮರಳಿನ ಮಿಶ್ರಣ. ಹುಲ್ಲು ಬೇರು ಬಿಡುವುದು ಈ ಮರಳಿನಲ್ಲಿ, ಮಣ್ಣಿನಲ್ಲಲ್ಲ.

ಇಲ್ಲಿ ಹೆಚ್ಚಿನವರು ಎಡವುವ ಒಂದು ಸಂಗತಿ ಇದೆ. ಮರಳಿನ ಕೆಳಗೆ ಜಲ್ಲಿ ಇದ್ದರೆ ನೀರು ಸರ್ರನೆ ಇಳಿದುಹೋಗುತ್ತದೆ ಎಂದೇ ಎಲ್ಲರೂ ಎಣಿಸುತ್ತಾರೆ. ಆಗುವುದು ಬೇರೆ. ಮರಳಿನ ಕಣಗಳ ನಡುವಿನ ಸಂದು ಸಣ್ಣದು, ಅದು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಜಲ್ಲಿಯ ಸಂದು ದೊಡ್ಡದು, ಅದಕ್ಕೆ ಆ ನೀರನ್ನು ಎಳೆದುಕೊಳ್ಳುವ ಶಕ್ತಿ ಇಲ್ಲ. ಹಾಗಾಗಿ ಮರಳಿನ ತಳಭಾಗ ಪೂರ್ತಿ ನೆನೆದು, ಮೇಲಿನ ಭಾರ ಸಾಕಷ್ಟಾದ ಮೇಲಷ್ಟೇ ನೀರು ಜಲ್ಲಿಗೆ ಇಳಿಯುತ್ತದೆ. ಮಳೆ ನಿಂತ ಮೇಲೂ ಮರಳಿನ ತಳದಲ್ಲಿ ಒಂದು ಒದ್ದೆ ಪಟ್ಟಿ ಉಳಿದೇ ಇರುತ್ತದೆ. ಜೋರು ಮಳೆಯಲ್ಲಿ ಹೆಚ್ಚುವರಿ ನೀರು ಹೊರಗೆ, ಬಿಸಿಲು ಬಂದಾಗ ಬೇರಿಗೆ ಕೆಳಗಿನಿಂದ ತಂಪು. ಜಲ್ಲಿ ಇಟ್ಟ ಉದ್ದೇಶವೇ ಇದು.

ಪಾತ್ರೆ ತೊಳೆಯುವ ಸ್ಪಾಂಜ್ ಇದ್ದರೆ ಈಗಲೇ ಪರೀಕ್ಷಿಸಬಹುದು. ಚೆನ್ನಾಗಿ ನೆನೆಸಿ ಅಂಗೈ ಮೇಲೆ ಮಲಗಿಸಿ ಹಿಡಿಯಿರಿ, ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಈಗ ಅದನ್ನೇ ನೆಟ್ಟಗೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಎತ್ತರ ಹೆಚ್ಚಾದಾಗ ಒದ್ದೆ ಪಟ್ಟಿ ತಳದಲ್ಲಷ್ಟೇ ಉಳಿಯುತ್ತದೆ. 300 ಮಿಲಿಮೀಟರ್ ಎಂಬ ಅಳತೆಯ ಗುಟ್ಟು ಇದೇ. ಮರಳು ಕಡಿಮೆಯಾದರೆ ಒದ್ದೆ ಹುಲ್ಲಿನ ಬುಡದವರೆಗೂ ಬರುತ್ತದೆ, ಹೆಚ್ಚಾದರೆ ಮೇಲ್ಭಾಗ ಒಣಗಿಹೋಗುತ್ತದೆ. ಬಾಲ್ಕನಿಯ ಹೂಕುಂಡದ ತಳಕ್ಕೆ ಕಲ್ಲು ತುಂಬಿಸಿ 'ನೀರು ಬಸಿಯಲಿ' ಎನ್ನುವವರಿಗೂ ಇದು ಅನ್ವಯಿಸುತ್ತದೆ. ಕಲ್ಲು ತುಂಬಿದಷ್ಟೂ ಒದ್ದೆ ಪಟ್ಟಿ ಬೇರಿನ ಹತ್ತಿರಕ್ಕೆ ಏರುತ್ತದೆ, ಅಷ್ಟೆ. ಕುಂಡಕ್ಕೆ ಬೇಕಿರುವುದು ಅಡಿಯಲ್ಲೊಂದು ತೂತು ಮತ್ತು ಒಳಗೆ ಸಡಿಲ ಮಣ್ಣು.

ಪೈಪಿಗೆ ಬಟ್ಟೆ ಸುತ್ತುವ ಅಭ್ಯಾಸವೂ ಇದೆ. ಮಣ್ಣು ಒಳಗೆ ಹೋಗದಿರಲಿ ಎಂಬ ಉದ್ದೇಶ ಒಳ್ಳೆಯದೇ, ಆದರೆ ಸಣ್ಣ ಕಣಗಳು ಬಟ್ಟೆಯ ಕಣ್ಣನ್ನೇ ಮುಚ್ಚುತ್ತವೆ. ಯುಎಸ್‌ಜಿಎ ಕೂಡ ಅದನ್ನು ಬೇಡ ಎನ್ನುತ್ತದೆ.

ಎಲ್ಲ ಮರಳೂ ಮರಳಲ್ಲ

ಈ ಇಡೀ ವ್ಯವಸ್ಥೆ ನಿಂತಿರುವುದು ಮರಳಿನ ಕಣದ ಗಾತ್ರದ ಮೇಲೆ. ಅರ್ಧಕ್ಕಿಂತ ಹೆಚ್ಚು ಕಣಗಳು ಕಾಲು ಮಿಲಿಮೀಟರ್‌ನಿಂದ ಒಂದು ಮಿಲಿಮೀಟರ್ ಒಳಗಿರಬೇಕು. ಧೂಳಿನಂಥ ಕಣ ಅತಿ ಕಡಿಮೆ ಇರಬೇಕು. ನದಿ ಮರಳು ಈಗ ಸುಲಭಕ್ಕೆ ಸಿಗುವುದಿಲ್ಲ, ತೆಗೆಯುವುದೂ ಸರಿಯಲ್ಲ. ಎಂ-ಸ್ಯಾಂಡ್ ಕಟ್ಟಡಕ್ಕೆ ಒಳ್ಳೆಯದು, ಗ್ರೀನ್‌ಗೆ ಕಷ್ಟ. ಅದರ ಚೂಪು ಮೂಲೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಕಲ್ಲಿನ ಪುಡಿ ಸಂದುಗಳನ್ನು ತುಂಬುತ್ತದೆ. ತೊಳೆದು ಜರಡಿ ಹಿಡಿಯದೆ ಬಳಸಬಾರದು. ಇನ್ನೊಂದು ದುಬಾರಿ ತಪ್ಪು, ಅಗ್ಗಕ್ಕೆ ಸಿಕ್ಕಿತೆಂದು ವರ್ಷಕ್ಕೊಂದು ಬಗೆಯ ಮರಳು ಹಾಕುವುದು. ಸಣ್ಣ ಕಣ, ದೊಡ್ಡ ಕಣ, ಮತ್ತೆ ಸಣ್ಣ ಕಣ ಎಂದು ಪದರ ಕಟ್ಟಿದರೆ ಪ್ರತಿ ಗಡಿಯಲ್ಲೂ ನೀರಿಗೆ ತಡೆ.

ನಮ್ಮ ಗರಿಕೆಯ ದಾಯಾದಿ

ಭಾರತದ ಬಯಲು ಸೀಮೆಯ ಗ್ರೀನ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಬರ್ಮುಡಾ ಹುಲ್ಲು. ಹೆಸರು ಕೇಳಿ ವಿದೇಶಿ ಎಂದುಕೊಳ್ಳಬೇಡಿ, ಗಣಪತಿಗೆ ಏರಿಸುವ ಗರಿಕೆಯೇ ಅದು. ಗ್ರೀನ್‌ಗೆ ಬಳಸುವ ಟಿಫ್‌ಡ್ವಾರ್ಫ್, ಟಿಫ್‌ಈಗಲ್ ಮುಂತಾದ ತಳಿಗಳು ಗರಿಕೆಗೂ ಅದರ ಆಫ್ರಿಕನ್ ದಾಯಾದಿಗೂ ಆದ ಸಂಕರದ ವಂಶದವು. ಅಮೆರಿಕದ ಜಾರ್ಜಿಯಾದ ಟಿಫ್ಟನ್ ಸಂಶೋಧನಾ ಕೇಂದ್ರದಿಂದ ಬಂದದ್ದಕ್ಕೆ ಆ ಹೆಸರು. ಇವು ಬೀಜ ಕಟ್ಟುವುದಿಲ್ಲ, ಬಳ್ಳಿಯ ತುಂಡು ನೆಟ್ಟೇ ಬೆಳೆಸಬೇಕು. ಬಿಸಿಲಿದ್ದರೆ ಸೊಂಪಾಗಿ ಹಬ್ಬುತ್ತವೆ, ಮರದ ನೆರಳಿನಲ್ಲಿ ಸೊರಗುತ್ತವೆ. ಮಳೆಗಾಲದ ಮೋಡವೇ ಇವಕ್ಕೆ ಅರ್ಧ ಪೆಟ್ಟು, ಬುಡದ ನೀರು ಇನ್ನರ್ಧ.

ಬೆಳೆದಂತೆಲ್ಲ ಹುಲ್ಲು ತನ್ನದೇ ಸತ್ತ ಕಾಂಡ, ಬೇರುಗಳ ಒಂದು ಕಂದು ಪದರ ಕಟ್ಟಿಕೊಳ್ಳುತ್ತದೆ. ಥ್ಯಾಚ್ ಎನ್ನುತ್ತಾರೆ. ಅದು ಹೆಚ್ಚಾದರೆ ನೀರು ಹೀರಿದ ಗೋಣಿಚೀಲದಂತೆ ಕೂತುಬಿಡುತ್ತದೆ. ಕೆಳಗೆ ಮರಳು ಒಣಗಿದ್ದರೂ ಮೇಲೆ ಕೆಸರು. ಹಾಗಾಗಿ ವರ್ಷಕ್ಕೆ ಒಂದೆರಡು ಸಲವಾದರೂ ಟೊಳ್ಳು ಮೊಳೆಗಳ ಯಂತ್ರದಿಂದ ಗ್ರೀನ್ ತುಂಬ ಬೆರಳು ದಪ್ಪದ ತೂತು ಹೊಡೆದು, ಆ ಕೊಳವೆ ಮಣ್ಣನ್ನು ಹೊರತೆಗೆದು, ತೂತಿಗೆ ಮರಳು ತುಂಬಬೇಕು. ಸದಸ್ಯರಿಗೆ ಇದು ಕಂಡರಾಗದು. 'ಚೆನ್ನಾಗಿದ್ದ ಗ್ರೀನ್ ಹಾಳುಮಾಡಿದರು' ಎಂಬ ದೂರು ಬರುವುದು ಸಾಮಾನ್ಯ. ಎರಡು ಮೂರು ವಾರ ಚೆಂಡು ಕುಣಿಯುವುದೂ ನಿಜ. ಈ ಕೆಲಸ ಮುಂದೂಡಿದರೆ ಬೆಲೆ ತೆರುವುದು ಆಗಸ್ಟ್‌ನಲ್ಲಿ.

ಮೂಗು ಹೇಳುವ ಸುದ್ದಿ

ಒಳಗೆ ಏನಾಗಿದೆ ಎಂದು ತಿಳಿಯಲು ದುಬಾರಿ ಸಾಧನ ಬೇಕಿಲ್ಲ. ಕುಳಿ ತೋಡುವ ಕೈಯಂತ್ರ ಸಾಕು. ಕುಳಿಯ ಅಗಲ 108 ಮಿಲಿಮೀಟರ್, ಅದರ ಜಾಗವನ್ನು ದಿನವೂ ಬದಲಿಸುತ್ತಾರೆ. ಹೊಸದರಿಂದ ತೆಗೆದ ಮಣ್ಣಿನ ಉಂಡೆಯನ್ನು ಹಳೆಯದಕ್ಕೆ ತುಂಬುತ್ತಾರೆ. ಅನುಭವಿ ಮಾಲಿ ಆ ಉಂಡೆಯನ್ನು ಒಮ್ಮೆ ತಿರುಗಿಸಿ ನೋಡುತ್ತಾನೆ. ಬೇರು ಬೆಳ್ಳಗೆ ಉದ್ದವಿದೆಯೇ, ಕಂದಾಗಿ ಕರಗಿದೆಯೇ? ಕಪ್ಪು ಗೆರೆ ಕಾಣುತ್ತಿದೆಯೇ? ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿ ಆಡುತ್ತಿಲ್ಲ, ಆಮ್ಲಜನಕ ಬೇಡದ ಬ್ಯಾಕ್ಟೀರಿಯಾ ಗಂಧಕದ ಅನಿಲ ಮಾಡುತ್ತಿವೆ ಎಂದರ್ಥ. ಆಗ ಶಿಲೀಂಧ್ರನಾಶಕ ಸಿಂಪಡಿಸಿ ಪ್ರಯೋಜನವಿಲ್ಲ. ನೀರಿಗೆ ದಾರಿ ಬಿಡಿಸಬೇಕು.

ದಾರಿ ಎಲ್ಲಿ ಕಟ್ಟಿದೆ ಎಂದು ಹುಡುಕಲು ಸರಿಯಾದ ಸಮಯ ಮಳೆ ಸುರಿಯುತ್ತಿರುವಾಗಲೇ. ಕೊಡೆ ಹಿಡಿದು ಹೋಗಿ ಪೈಪು ಹೊರಬೀಳುವ ಬಾಯಿಯನ್ನು ನೋಡಬೇಕು. ಗ್ರೀನ್ ಮೇಲೆ ನೀರು ನಿಂತಿದ್ದೂ ಪೈಪಿನ ಬಾಯಿ ಒಣಗಿದ್ದರೆ ತಡೆ ಮೇಲಿನ ಪದರದಲ್ಲೋ ಪೈಪಿನಲ್ಲೋ ಇದೆ. ನೀರು ಜೋರಾಗಿ ಬರುತ್ತಿದ್ದೂ ಗ್ರೀನ್ ಒದ್ದೆ ಇದ್ದರೆ ಅಕ್ಕಪಕ್ಕದ ದಿಣ್ಣೆಯಿಂದ ನೀರು ಹರಿದು ಬರುತ್ತಿರಬಹುದು, ಅದನ್ನು ಮೇಲೆಯೇ ಕಾಲುವೆ ತೋಡಿ ತಿರುಗಿಸಬೇಕು. ಎಷ್ಟೋ ಸಲ ಕಾರಣ ತೀರಾ ಸಣ್ಣದು: ಬಾಯಿಗೆ ಬೆಳೆದ ಹುಲ್ಲು, ಬಿಲ ಮಾಡಿದ ಹೆಗ್ಗಣ, ಟ್ರ್ಯಾಕ್ಟರ್ ಹತ್ತಿ ಜಜ್ಜಿದ ಪೈಪು. ಮಲೆನಾಡಿನ ಅಡಿಕೆ ತೋಟದವರು ಮಳೆಗಾಲಕ್ಕೆ ಮುಂಚೆ ಬಸಿಗಾಲುವೆಯ ಹೂಳು ತೆಗೆಯುತ್ತಾರಲ್ಲ, ಅದೇ ಕೆಲಸವನ್ನು ಇಲ್ಲಿ ಮೇ ತಿಂಗಳಲ್ಲಿ ಮುಗಿಸಬೇಕು. ಪೈಪಿನ ಮೇಲ್ತುದಿಯಲ್ಲಿ ಮುಚ್ಚಳವಿರುವ ಬಾಯಿ ಬಿಟ್ಟಿದ್ದರೆ ಅಲ್ಲಿಂದ ಮೆತುಪೈಪಿನಲ್ಲಿ ನೀರು ನುಗ್ಗಿಸಿ ತೊಳೆಯಬಹುದು. ಪೈಪುಗಳ ನಕ್ಷೆ ಇಲ್ಲದ ಕೋರ್ಸ್‌ಗಳಲ್ಲಿ ಮಾತ್ರ ಕಷ್ಟ. ಹಳೆಯ ಮಾಲಿ ನಿವೃತ್ತನಾದರೆ ನಕ್ಷೆಯೂ ಅವನ ಜೊತೆಗೇ ಹೋದಂತೆ.

ಫೇರ್‌ವೇಗಳಲ್ಲಿ ಇಷ್ಟೊಂದು ಖರ್ಚು ಮಾಡಲಾಗದು. ಅಲ್ಲಿ ಮೊದಲು ವಾಟ, ಆಮೇಲೆ ತಗ್ಗಿನಲ್ಲಿ ಜಲ್ಲಿ ತುಂಬಿದ ಬಸಿಗಾಲುವೆ. ಇದಕ್ಕೆ ಫ್ರೆಂಚ್ ಡ್ರೇನ್ ಎಂದು ಹೆಸರು. ಫ್ರಾನ್ಸ್ ದೇಶಕ್ಕೂ ಇದಕ್ಕೂ ಸಂಬಂಧವಿಲ್ಲ. 1859ರಲ್ಲಿ ಹೊಲದ ನೀರು ಬಸಿಯುವ ಬಗ್ಗೆ ಪುಸ್ತಕ ಬರೆದ ಅಮೆರಿಕದ ಹೆನ್ರಿ ಫ್ರೆಂಚ್ ಅವರ ಹೆಸರದು.

ಆಟ ನಿಲ್ಲಿಸುವವರು ಯಾರು?

ಫೇರ್‌ವೇಯಲ್ಲೋ ಗ್ರೀನ್ ಮೇಲೋ ನಿಂತ ಮಳೆನೀರು ಆಟಕ್ಕೆ ಅಡ್ಡ ಬಂದರೆ ಚೆಂಡನ್ನು ದಂಡವಿಲ್ಲದೆ ಬೇರೆಡೆ ಇಡಲು ನಿಯಮ ಅವಕಾಶ ಕೊಡುತ್ತದೆ. ಆಟಗಾರನಿಗೆ ಪರಿಹಾರ ಸಿಕ್ಕಿತು, ಹುಲ್ಲಿಗೆ ಸಿಗಲಿಲ್ಲ. ನೆನೆದ ಗ್ರೀನ್ ಮೇಲಿನ ಪ್ರತಿ ಹೆಜ್ಜೆಯೂ ಕಣಗಳನ್ನು ಒತ್ತಿ ಸಂದುಗಳನ್ನು ಮುಚ್ಚುತ್ತದೆ. ಒಂದು ಬೆಳಗಿನ ಆಟದ ಗುರುತು ತಿಂಗಳುಗಟ್ಟಲೆ ಉಳಿಯಬಹುದು. ಮೈದಾನ ಮುಚ್ಚುವ ತೀರ್ಮಾನ ಗ್ರೀನ್‌ಕೀಪರ್ ಕೈಯಲ್ಲಿರಬೇಕು, ಕ್ಲಬ್ ಕಚೇರಿಯ ಫೋನ್ ಕರೆಯಲ್ಲಲ್ಲ ಎಂಬುದು ನನ್ನ ಅಭಿಪ್ರಾಯ.

ಬಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಕ್ಲಬ್‌ನ ಹೊರಗಿನವರೂ ಕೇಳಬೇಕು. ಮರಳು ಗೊಬ್ಬರವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಮಳೆಗೆ ಮುಂಚೆ ಯೂರಿಯಾ ಚೆಲ್ಲಿದರೆ ಅದರ ಪಾಲು ಪೈಪಿನ ಮೂಲಕ ಕೆರೆಗೆ ಸೇರಿ ಪಾಚಿಗೆ ಆಹಾರವಾಗುತ್ತದೆ. ಗೊಬ್ಬರವನ್ನು ಸ್ವಲ್ಪ ಸ್ವಲ್ಪವಾಗಿ, ಮಳೆಯಿಲ್ಲದ ದಿನ ನೋಡಿ ಕೊಡುವುದು, ಪೈಪಿನ ಬಾಯಿಗೂ ಕೆರೆಗೂ ನಡುವೆ ಕತ್ತರಿಸದ ಎತ್ತರದ ಹುಲ್ಲಿನ ಪಟ್ಟಿ ಬಿಡುವುದು ಇದಕ್ಕೆ ಪರಿಹಾರ. ಬೇಸಿಗೆಯಲ್ಲಿ ಸಂಸ್ಕರಿಸಿದ ಕೊಳಚೆ ನೀರು ಹಾಯಿಸುವ ಮೈದಾನಗಳಲ್ಲಿ ಇನ್ನೊಂದು ಎಚ್ಚರ ಬೇಕು. ಆ ನೀರಿನಲ್ಲಿ ಸೋಡಿಯಂ ಹೆಚ್ಚಿದ್ದರೆ ಜೇಡಿಯ ಕಣಗಳು ಚದುರಿ ಸಂದುಗಳನ್ನು ಮೆತ್ತುತ್ತವೆ. ಜಿಪ್ಸಂ ಹಾಕಿ, ಆಮೇಲೆ ಧಾರಾಳ ನೀರು ಬಿಟ್ಟು ತೊಳೆಯಬೇಕು. ಕೆಳಗಿನ ಪೈಪು ಕಟ್ಟಿದ್ದರೆ ತೊಳೆದ ಉಪ್ಪು ಹೋಗುವುದಕ್ಕೂ ಜಾಗವಿಲ್ಲ.

ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿನ ಕಡೆ ಮಳೆ ಹಿಮ್ಮೆಟ್ಟಿದ ಮೇಲೆ, ಬಿಸಿಲಿಗೆ ಗರಿಕೆ ಚಿಗುರುವಾಗ, ಮತ್ತೊಂದು ಸುತ್ತು ತೂತು ಹೊಡೆದು ಮರಳು ತುಂಬಿಸುವುದು ವಾಡಿಕೆ. ದೆಹಲಿಯಲ್ಲಿ ಚಳಿ ಬೇಗ ಬರುವುದರಿಂದ ತಡಮಾಡಬಾರದು. ಚೆನ್ನೈಯಲ್ಲಿ ಲೆಕ್ಕವೇ ಬೇರೆ: ಅಲ್ಲಿ ದೊಡ್ಡ ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ, ಆದ್ದರಿಂದ ಪೈಪು ತೊಳೆಯುವ ಕೆಲಸ ಸೆಪ್ಟೆಂಬರ್ ಒಳಗೆ ಮುಗಿದಿರಬೇಕು.