ಆಣೆ ಇಡುವವರ ಸೀಮೆಯಲ್ಲಿ

ನಮ್ಮ ಸಿರುಗುಪ್ಪದ ಕಡೆ ಕುಡಿತ ಬಿಡುವುದು ಅಂದರೆ ಆಣೆ ಇಡುವುದು. ನಾನೇ ಏಳು ಸಲ ಇಟ್ಟಿದ್ದೇನೆ. ಮಗಳ ತಲೆ ಮುಟ್ಟಿ ಎರಡು ಸಲ, ಕುರುಗೋಡಿನ ದೊಡ್ಡಬಸವೇಶ್ವರನ ಮುಂದೆ ಎರಡು ಸಲ, ಬಳ್ಳಾರಿ ಕನಕದುರ್ಗಮ್ಮನ ಗುಡಿಯಲ್ಲಿ ಒಂದು ಸಲ. ಉಳಿದೆರಡು ಎಲ್ಲಿಟ್ಟೆನೋ ನೆನಪಿಲ್ಲ, ಆಗ ಕುಡಿದಿದ್ದೆ. ಕುರುಗೋಡಿನ ಆ ಏಕಶಿಲೆಯ ಬಸವಣ್ಣನನ್ನು ಕತ್ತೆತ್ತಿಯೇ ನೋಡಬೇಕು. ಅವನ ಮುಂದೆ ತಪ್ಪೊಪ್ಪಿಕೊಳ್ಳುವುದು ಸಲೀಸು. ತಿರುಗಿ ಏನನ್ನೂ ಕೇಳುವುದಿಲ್ಲ. ಅಯ್ಯಪ್ಪನ ಮಾಲೆ ಹಾಕಿದರೆ 41 ದಿನ ಹನಿ ಮುಟ್ಟುತ್ತಿರಲಿಲ್ಲ. ಮಾಲೆ ತೆಗೆದ ಸಂಜೆ ಅಷ್ಟೂ ದಿನದ್ದನ್ನು ಬಡ್ಡಿ ಸಮೇತ ತೀರಿಸುತ್ತಿದ್ದೆ.

ಒಂದು ಕಾಲಕ್ಕೆ ಸರ್ಕಾರವೇ ನಮ್ಮೆಲ್ಲರ ಪರವಾಗಿ ಆಣೆ ಇಟ್ಟಿತ್ತು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ರಾಜಾಜಿ 1937ರ ಅಕ್ಟೋಬರ್ 1ರಂದು ಸೇಲಂನಲ್ಲಿ ಶುರು ಮಾಡಿದ ಪಾನನಿರೋಧ 1948ರ ಗಾಂಧಿ ಜಯಂತಿಯ ಹೊತ್ತಿಗೆ ಇಡೀ ಪ್ರಾಂತ್ಯವನ್ನು ಆವರಿಸಿತು. ಅಬಕಾರಿ ಹೋದ ಖಜಾನೆ ತುಂಬಲೆಂದು 1939ರಲ್ಲೇ ಮದ್ರಾಸು ಮಾರಾಟ ತೆರಿಗೆ ತಂದಿತ್ತು. ಪಾನನಿರೋಧ ಹೋಯಿತು, ತೆರಿಗೆ ಉಳಿಯಿತು. ಮೂವತ್ತು ವರ್ಷ ಅಕ್ಕಿ ಮಿಲ್ಲಿನಲ್ಲಿ ಬಿಲ್ಲು ಬರೆದವನು ನಾನು. ಇದನ್ನು ಓದಿದ ದಿನ ಒಬ್ಬನೇ ಕೂತು ನಕ್ಕೆ.

ನಮ್ಮೂರಿನ ಮಟ್ಟಿಗೆ ಆ ಕಾಯ್ದೆ ಹೊಳೆ ದಂಡೆಯ ತನಕ ಮಾತ್ರ. ತುಂಗಭದ್ರೆಯ ಆಚೆ ದಡ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆ. ಅಲ್ಲಿ ಅಬಕಾರಿಯೇ ಸರ್ಕಾರದ ದೊಡ್ಡ ವರಮಾನ. ನಮ್ಮಜ್ಜ ಹರಿಗೋಲಿನವನಿಗೆ ಒಂದಾಣೆ ಕೊಟ್ಟು ದಾಟಿ, ಅಜ್ಜಿಗೆ ಕೊಟ್ಟ ಆಣೆ ಮುರಿದು, ಸೇಂದಿ ಕುಡಿದು ಬರುತ್ತಿದ್ದನಂತೆ. ಈ ಕತೆಯನ್ನು ಮನೆಯಲ್ಲಿ ನಗುನಗುತ್ತಾ ಹೇಳುತ್ತಿದ್ದರು. ಅಜ್ಜಿ ಮಾತ್ರ ನಗುತ್ತಿರಲಿಲ್ಲ. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರಿಗೆ ಸೇರಿತು. 1967ರಲ್ಲಿ ಮೈಸೂರು ಸರ್ಕಾರವೂ ಪಾನನಿರೋಧದ ಕೈಬಿಟ್ಟಿತು. ಆಮೇಲೆ ಹರಿಗೋಲು ಬೇಕಾಗಲಿಲ್ಲ.

ಸರ್ಕಾರ ಬಿಟ್ಟದ್ದನ್ನು ಸ್ವಾಮಿಗಳು ಹಿಡಿದರು. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿದರು: ಕಾಸು ಬೇಡ, ಕಾಳು ಬೇಡ, ನಿಮ್ಮ ಚಟ ಹಾಕಿ ಅಂತ. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ನಮ್ಮಪ್ಪ ಆ ಜೋಳಿಗೆಗೆ ತಂಬಾಕಿನ ಡಬ್ಬಿ ಹಾಕಿ, ಸಾರಾಯಿ ಉಳಿಸಿಕೊಂಡು ಬಂದ. 2007ರ ಜುಲೈ 1ಕ್ಕೆ ಆ ಸಾರಾಯಿಯ ಪಾಕೀಟೂ ಬಂದ್ ಆಯಿತು. ಅಂಗಡಿಯಲ್ಲಿ ನಿಂತವರು ಮಾತ್ರ ಅದೇ ನಾವು. ಕೈಗೆ ಬಂದದ್ದು ಸಣ್ಣ ವಿಸ್ಕಿ.

ನನ್ನ ಷಡ್ಡಕ ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರಕ್ಕೆ ಹೋದ. 1990ರ ದಶಕದಲ್ಲಿ ಬೆಳ್ತಂಗಡಿ ಕಡೆ ಹುಟ್ಟಿದ ಈ ಶಿಬಿರಗಳು ನಮ್ಮ ಸೀಮೆಗೂ ಬಂದಿದ್ದವು. ಎಂಟು ದಿನ ಒಂದೇ ಸೂರಿನಡಿ ಊಟ, ಭಜನೆ, ಮಾತು. ಬಿಟ್ಟವರಿಗೆ ಆಮೇಲೆ ನವಜೀವನ ಸಮಿತಿಯ ವಾರದ ಕೂಟ. ನೂರು ದಿನ ತುಂಬಿದಾಗ ಶತದಿನೋತ್ಸವ. ಅವನ ಶತದಿನೋತ್ಸವಕ್ಕೆ ನಾನೂ ಹೋಗಿ ಪಾಯಸ ಉಂಡು, ವಾಪಸು ಬರುತ್ತಾ ಟೆಕ್ಕಲಕೋಟೆಯಲ್ಲಿ ಇಳಿದು ಕುಡಿದೆ. ಅವನ ಮೇಲೆ ಹೊಟ್ಟೆಕಿಚ್ಚಿತ್ತು. ನೂರು ದಿನದ್ದಲ್ಲ, ವಾರಕ್ಕೊಮ್ಮೆ ಕೂತು ಮಾತಾಡಲು ಅವನಿಗೆ ಜನ ಸಿಕ್ಕಿದ್ದಾರಲ್ಲ ಅನ್ನುವುದರದ್ದು.

ನನಗೆ ಜನ ಸಿಕ್ಕಿದ್ದು ಬಳ್ಳಾರಿಯಲ್ಲಿ. ಆಸ್ಪತ್ರೆಯ ನರ್ಸಮ್ಮ ಒಬ್ಬಳು ಗುಳಿಗೆ ಕವರಿನ ಹಿಂದೆ ಫೋನ್ ನಂಬರು ಬರೆದುಕೊಟ್ಟು, 'ಎ.ಎ. ಮೀಟಿಂಗ್ ಅಂತ ಕೇಳ್ರಿ' ಅಂದಳು. ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಕುಡುಕರೇ ಸೇರುವ ಕೂಟ. ಹೋದರೆ ಬೋರ್ಡಿಲ್ಲ, ಮೈಕಿಲ್ಲ. ಒಂದು ಶಾಲೆಯ ಕೋಣೆ. ಹುಡುಗರ ಬೆಂಚು, ಕೂತರೆ ಮೊಣಕಾಲು ಗಲ್ಲಕ್ಕೆ ಬಡಿಯಬೇಕು. ಕರಿಹಲಗೆಯ ಮೇಲೆ ಅರ್ಧ ಒರೆಸಿದ ಲೋಪಸಂಧಿ. ಹನ್ನೊಂದು ಜನ. ಅಲ್ಲಿ ಕೇಳಿದ್ದನ್ನು ಅಲ್ಲೇ ಬಿಟ್ಟು ಬರಬೇಕು ಅನ್ನುವುದು ಕಟ್ಟುಪಾಡು, ಹಾಗಾಗಿ ಬೇರೆಯವರದ್ದು ಬರೆಯುವುದಿಲ್ಲ. ನಾನು ಹೇಳಿದ್ದು ಇಷ್ಟು: ಮಿಲ್ಲಿನ ತೌಡಿನ ಚೀಲದಲ್ಲಿ ಬಾಟಲಿ ಬಚ್ಚಿಡುತ್ತಿದ್ದೆ, ಒಂದು ದಿನ ಆ ಚೀಲ ಮಾರಾಟವಾಗಿ, ಎಮ್ಮೆಯವನ ಮನೆ ತನಕ ಓಡಿಹೋಗಿ ಎರಡು ಪಟ್ಟು ದುಡ್ಡು ಕೊಟ್ಟು ತೌಡು ವಾಪಸು ಕೊಂಡುತಂದೆ. ಮೂರು ಜನ ನಕ್ಕರು. ಹೆಂಡತಿಯ ಮುಂದೆ ಇದನ್ನೇ ಹೇಳಿದ್ದರೆ ಅವಳಿಗೆ ಅಳು ಬರುತ್ತಿತ್ತು. ಇವರ ನಗು ಬೇರೆ ತರಹದ್ದು: ಆ ಓಟ ತಾವೂ ಓಡಿದ್ದವರ ನಗು.

ಆಣೆ ಇಡು ಅಂತ ಯಾರೂ ಅನ್ನಲಿಲ್ಲ. 'ಇವತ್ತೊಂದಿನ ನೋಡು' ಅಂದರು. ಕೊನೆಗೆ ಒಂದು ಬಿಸ್ಕತ್ತಿನ ಡಬ್ಬಿ ಕೈಯಿಂದ ಕೈಗೆ ಬಂತು. ಇದ್ದವರು ಹತ್ತು ರೂಪಾಯಿ ಹಾಕಿದರು. ಹೊರಗಿನವರ ದುಡ್ಡು ಇವರು ಮುಟ್ಟುವುದಿಲ್ಲ.

ಈ ಎ.ಎ.ಯ ಮೂಲ ಆಮೇಲೆ ತಿಳಿಯಿತು. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಊರು. ಬಿಲ್ ವಿಲ್ಸನ್ ಎಂಬ ಶೇರು ವ್ಯಾಪಾರದವನು ವ್ಯವಹಾರ ಕೆಟ್ಟು ಹೋಟೆಲಿನ ಪಡಸಾಲೆಯಲ್ಲಿ ನಿಂತಿದ್ದಾನೆ. ಅತ್ತ ಬಾರು, ಇತ್ತ ಟೆಲಿಫೋನು. ಅವನು ಚರ್ಚುಗಳಿಗೆ ಫೋನು ಮಾಡಿದ. ಪಾದ್ರಿಯ ಉಪದೇಶಕ್ಕಲ್ಲ, ಮಾತಾಡಲು ಇನ್ನೊಬ್ಬ ಕುಡುಕ ಬೇಕಿತ್ತು. ಸಿಕ್ಕಿದ್ದು ಡಾಕ್ಟರ್ ಬಾಬ್ ಸ್ಮಿತ್, ಶಸ್ತ್ರಚಿಕಿತ್ಸೆಯ ವೈದ್ಯ. ಬಾಬ್ ಕೊನೆಯ ಸಲ ಕುಡಿದ ಜೂನ್ 10ನ್ನೇ ಎ.ಎ. ಹುಟ್ಟಿದ ದಿನ ಅನ್ನುತ್ತಾರೆ. ಭಾರತಕ್ಕೆ ಅದು ಬಂದದ್ದು 1957ರಲ್ಲಿ.

ಹೋದ ತಿಂಗಳು ಕುರುಗೋಡಿನ ಹುಡುಗನೊಬ್ಬ ಫೋನು ಮಾಡಿದ್ದ. ಮೀಟಿಂಗಿಗೆ ಬರುವ ಮುಂಚೆ ದೊಡ್ಡಬಸಪ್ಪನ ಮುಂದೆ ಆಣೆ ಇಟ್ಟು ಬರಲೇನು ಅಂತ ಕೇಳಿದ. 'ಕೈಮುಗಿದು ಬಾ ಸಾಕು,' ಅಂದೆ. 'ನಾನು ಬರೋದು ಕುರುಗೋಡು ಮೇಲೆ ಹೋಗೋ ಬಸ್ಸಲ್ಲಿ, ಡ್ರೈವರ್ ಹಿಂದಿನ ಸೀಟಿನಲ್ಲಿ ಟವೆಲ್ ಹಾಕಿರ್ತೀನಿ.'